ಗಾಳಿ ಅಳೆಯುವ ಯಂತ್ರಕ್ಕೆ ಕುಂಕುಮ

ನಮ್ಮ ಬಡಾವಣೆಯವರಷ್ಟು ದಡ್ಡರನ್ನು ನಾನು ಬೇರೆಲ್ಲೂ ಕಂಡಿಲ್ಲ. ಬಡಾವಣೆ ಇರುವುದು ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿ. ನಾಲ್ಕು ಬೀದಿ, ಒಂದು ಗಣಪತಿ ಗುಡಿ, ಒಂದು ನೀರಿನ ಟ್ಯಾಂಕು, ಆಮೇಲೆ ಒಂದು ಉದ್ದನೆಯ ಕಾಂಪೌಂಡು. ಕಾಂಪೌಂಡಿನ ಆಚೆ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆ. ನಾವು ಮನೆ ಕಟ್ಟಿಸುವಾಗ ಅದೊಂದು ತಗಡಿನ ಶೆಡ್ಡಾಗಿತ್ತು. ಈಗ ಅದರ ಹೊಗೆ ಕೊಳವೆ ನಮ್ಮ ಟ್ಯಾಂಕಿಗಿಂತ ಎತ್ತರ.

ಬೆಳಿಗ್ಗೆ ಒರೆಸಿದ ನೆಲದ ಮೇಲೆ ಮಧ್ಯಾಹ್ನ ಕಾಲಿಟ್ಟರೆ ಹೆಜ್ಜೆ ಮೂಡುತ್ತಿತ್ತು. ತುಳಸಿ ಎಲೆ ತೊಳೆದೇ ಬಾಯಿಗೆ ಹಾಕಿಕೊಳ್ಳಬೇಕು. ಇದಕ್ಕೆ ನಮ್ಮವರು ಕಂಡುಕೊಂಡ ಪರಿಹಾರವೇನು ಗೊತ್ತೆ? ಒಬ್ಬರು ಮನೆಗೆ ಬೂದಿ ಬಣ್ಣ ಹೊಡೆಸಿದರು, ಮಸಿ ಕೂತರೆ ಕಾಣುವುದಿಲ್ಲವೆಂದು. ಅದನ್ನು ನೋಡಿ ಪಕ್ಕದವರೂ ಹೊಡೆಸಿದರು. ಎರಡು ದೀಪಾವಳಿ ಕಳೆಯುವಷ್ಟರಲ್ಲಿ ಇಡೀ ಬೀದಿಗೆ ಬೂದಿ ಬಳಿದಾಗಿತ್ತು. ಬಡಾವಣೆಯ ಸಂಘದ ಕಾರ್ಯದರ್ಶಿಯಂತೂ ಸೈಟು ಕೊಡಿಸುವ ದಲ್ಲಾಳಿ. ಕೇಳಿದವರಿಗೆಲ್ಲ ಅವನದು ಒಂದೇ ಉತ್ತರ: "ಅದು ಹೈವೇ ಧೂಳು ಅಕ್ಕ, ಫ್ಯಾಕ್ಟರೀದಲ್ಲ."

ಆ ಸಂಘದ ಅಧ್ಯಕ್ಷರು ನನ್ನ ಗಂಡ.

ಅವರು ಭದ್ರಾವತಿಯಲ್ಲಿ ಮೂವತ್ತು ವರ್ಷ ಕುಲುಮೆಯ ಮುಂದೆ ನಿಂತವರು. ಚಿಮಣಿಗಳು ಒಂದೊಂದಾಗಿ ತಣ್ಣಗಾದಾಗ ಆ ಊರಿನ ಬೀದಿಗಳು ಹೇಗೆ ಬಿಕೋ ಎಂದವು, ಕ್ವಾರ್ಟರ್ಸಿನ ಬಾಗಿಲುಗಳಿಗೆ ಹೇಗೆ ಬೀಗ ಬಿತ್ತು ಎನ್ನುವುದನ್ನು ಕಣ್ಣಾರೆ ಕಂಡವರು. ಹಾಗಾಗಿ ಹೊಗೆ ಕಂಡರೆ ಅವರಿಗೆ ಭಕ್ತಿ. "ಹೊಗೆ ಎದ್ರೆ ನಾಲ್ಕು ಮನೇಲಿ ಒಲೆ ಉರಿಯುತ್ತೆ ಮಾರಾಯ್ತಿ," ಎನ್ನುತ್ತಿದ್ದರು. ಅದು ಸುಳ್ಳೆಂದು ನಾನೂ ಹೇಳುವುದಿಲ್ಲ. ಹಾಗೆಂದು ಒಲೆ ಉರಿಸುವವನು ನನ್ನ ಮನೆಯೊಳಗೆ ಹೊಗೆ ಬಿಟ್ಟರೆ ಕೈಮುಗಿಯಬೇಕೇ?

ಮೊದಲು ಬಂದದ್ದು ಕೆಮ್ಮು. ಆಮೇಲೆ ಉಬ್ಬಸ. ಆಮೇಲೆ ಮಲಗಿದರೆ ಉಸಿರು ಕಟ್ಟಿ, ದಿಂಬು ಪೇರಿಸಿಕೊಂಡು ಕೂತೇ ನಿದ್ದೆ ಮಾಡುವುದು. ಬಾಯಿಗೆ ಹೊಡೆದುಕೊಳ್ಳುವ ಪಂಪನ್ನು ಅವರು ಪಂಚಾಂಗದ ಹಿಂದೆ ಬಚ್ಚಿಡುತ್ತಿದ್ದರು. ಬೀದಿಯವರು ನೋಡಿದರೆ ಅಧ್ಯಕ್ಷರ ಮರ್ಯಾದೆ ಏನಾಗಬೇಕು! ಕೊನೆಗೆ ಶಿವಮೊಗ್ಗದ ಎದೆ ಡಾಕ್ಟರ ಹತ್ತಿರ ನಾನೇ ಎಳೆದುಕೊಂಡು ಹೋದೆ. ಅವರು ಊದಿಸಿ ನೋಡಿ, "ಅರ್ಧ ಶಕ್ತಿ ಹೋಗಿದೆ ಯಜಮಾನ್ರೇ. ಮಿಕ್ಕಿದ್ದು ಉಳೀಬೇಕು ಅಂದ್ರೆ ಆ ಮನೆ ಬಿಡಿ," ಎಂದರು.

ದಾರಿಯುದ್ದಕ್ಕೂ ನಮ್ಮವರು ಡಾಕ್ಟರನ್ನು ಬೈದರು. ನಾನು ಬಿಡಲಿಲ್ಲ. ಮನೆ ಬಿಡೋಣ, ಶಿವಮೊಗ್ಗದ ಗೋಪಾಳದಲ್ಲಿ ಬಾಡಿಗೆಗೆ ಹೋಗೋಣ ಎಂದು ಊಟಕ್ಕೆ ಕೂತಾಗ, ಎದ್ದಾಗ ಹೇಳಿದೆ. ಕೊನೆಗೆ ಅವರು ಒಂದು ಮಾತು ಕೊಟ್ಟರು: "ಗಾಳಿ ಕೆಟ್ಟಿದೆ ಅಂತ ಮಿಷನ್ನು ಹೇಳ್ಲಿ. ಮಾರನೇ ದಿನವೇ ಹೊರಡೋಣ. ಬಾಯಿಮಾತಿಗೆಲ್ಲ ನಾನು ಓಡಿಹೋಗಲ್ಲ."

ಸರಿ, ಮಿಷನ್ನೇ ಹೇಳಲಿ ಎಂದು ಸಂಘದ ಬೆನ್ನು ಹತ್ತಿದೆ. ಬೆಂಗಳೂರಿನ ಒಂದು ಖಾಸಗಿ ಲ್ಯಾಬಿನವರನ್ನು ಕರೆಸುವುದೆಂದಾಯಿತು. ಯಂತ್ರವನ್ನು ಒಂದು ತಾರಸಿಯ ಮೇಲೆ ಒಂದು ಹಗಲು, ಒಂದು ರಾತ್ರಿ ಇಟ್ಟರೆ ಗಾಳಿಯಲ್ಲಿ ಏನೇನಿದೆ ಎಂದು ತಿಳಿಯುತ್ತದೆ. ಯಾವ ದಿನ ಇಡುವುದು ಎಂದು ಗಣಪತಿ ಗುಡಿಯ ಸಭೆಯಲ್ಲಿ ಚರ್ಚೆ ನಡೆದು, ಎಲ್ಲರಿಗೂ ರಜೆ ಇರುವ ದಿನವೆಂದು ಆಯುಧಪೂಜೆಯನ್ನು ಗೊತ್ತುಮಾಡಿದರು.

ನಾನು ಎದ್ದುನಿಂತೆ. "ಅವತ್ತು ಕುಲುಮೆ ಆರಿಸಿ ಪೂಜೆ ಮಾಡ್ತಾರಲ್ರೀ! ಹೊಗೆಯೇ ಇಲ್ಲದ ದಿನ ಏನನ್ನ ಅಳೀತೀರಾ?"

ಕಾರ್ಯದರ್ಶಿ ನಕ್ಕ. "ಹೊಗೆ ಇಲ್ದಿದ್ರೇನು ಅಕ್ಕ, ಗಾಳಿ ಇರುತ್ತಲ್ಲ? ನಾವು ಅಳೀತಿರೋದು ಗಾಳಿ."

ಸಭೆ ತಲೆದೂಗಿತು. ಓದಿದವರು, ಪೆನ್ಶನ್ ತಗೊಳ್ಳುವವರು, ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು, ಎಲ್ಲರೂ ತಲೆದೂಗಿದರು. ನಾನು ಗಂಡನ ಮುಖ ನೋಡಿದೆ. ಅವರು ಗಣಪತಿಯ ಮುಖ ನೋಡುತ್ತಿದ್ದರು. ಕುಲುಮೆಯ ಸಂಗತಿ ಅವರಿಗೆ ಗೊತ್ತಿಲ್ಲದ್ದೇ? ಕಾರ್ಖಾನೆಯ ಆಯುಧಪೂಜೆಗೆ ಹಿರಿಯ ಕುಲುಮೆ ಕೆಲಸಗಾರರೆಂದು ಅವರಿಗೆ ಶಾಲು ಹೊದಿಸುವವರಿದ್ದರು.

ಹಬ್ಬದ ದಿನ ಯಂತ್ರ ಬಂತು. ಅದನ್ನು ಇಟ್ಟದ್ದು ನಮ್ಮದೇ ತಾರಸಿಯ ಮೇಲೆ. ಬರುವ ಮುಂಚೆಯೇ ಬೀದಿಯ ಹೆಂಗಸರು ಕೊಡಗಟ್ಟಲೆ ನೀರು ಸುರಿದು ತಾರಸಿ ತೊಳೆದಿದ್ದರು, ಬೆಂಗಳೂರಿನವರು ಗಲೀಜು ನೋಡಿ ಏನಂದುಕೊಂಡಾರು ಎಂದು. ಯಂತ್ರವೆಂದರೆ ಮೂರು ಕಾಲಿನ ಮೇಲೆ ಕೂತ ಒಂದು ಪೆಟ್ಟಿಗೆ, ಮೇಲುಗಡೆ ಗಾಳಿ ಎಳೆಯಲು ಒಂದು ಬಾಯಿ. ಆಯುಧಪೂಜೆಯ ದಿನ ಮನೆಗೆ ಯಂತ್ರ ಬಂದರೆ ನಮ್ಮ ಜನ ಸುಮ್ಮನಿರುತ್ತಾರೆಯೇ? ಸ್ಕೂಟರು, ಮಿಕ್ಸಿ, ಹೊಲಿಗೆ ಮಿಷನ್ನು ಎಲ್ಲಕ್ಕೂ ಪೂಜೆಯಾಗಿತ್ತು. ಇದಕ್ಕೂ ಅರಿಶಿನ ಕುಂಕುಮ ಹಚ್ಚಿದರು. ಬಾಯಿಗೆ ಸುತ್ತಿ ಚೆಂಡುಹೂವಿನ ಹಾರ ಹಾಕಿದರು. ಬುಡದಲ್ಲಿ ಒಂದು ಕಟ್ಟು ಊದುಬತ್ತಿ, ಮುಂದೆ ಕರ್ಪೂರ, ಕೆಂಡದ ಮೇಲೆ ಸಾಂಬ್ರಾಣಿ. ಕಾರ್ಯದರ್ಶಿ ಬೂದುಗುಂಬಳಕಾಯಿ ನಿವಾಳಿಸಿ ಒಡೆದ.

"ಸಾರ್, ಅದು ಗಾಳಿ ಎಳ್ಕೊಳ್ಳೋ ಬಾಯಿ," ಎಂದ ಲ್ಯಾಬಿನವನು, ಗಾಬರಿಯಿಂದ.

"ಅದಕ್ಕೇ ಅಲ್ವಾ ಮೊದಲ ಮಂಗಳಾರತಿ ಅದಕ್ಕೆ," ಎಂದ ಕಾರ್ಯದರ್ಶಿ.

ಲ್ಯಾಬಿನವನ ಕೈಗೆ ಪುಳಿಯೋಗರೆ, ಕೋಸಂಬರಿ, ಹೋಳಿಗೆ ತುಂಬಿದ ಎಲೆ ಬಂತು. ತಿಂದು, ಟ್ಯಾಂಕಿನ ನೆರಳಲ್ಲಿ ಒರಗಿ ನಿದ್ದೆ ಹೋದ. ಹುಚ್ಚುಮುಂಡೆ ಮದುವೆಯಲ್ಲಿ ಉಂಡವನೇ ಜಾಣ.

ಆ ದಿನ ಆಕಾಶ ನೀಲಿಯಾಗಿತ್ತು. ಒಣಹಾಕಿದ ಬಟ್ಟೆ ಬೆಳ್ಳಗೇ ಕೆಳಗಿಳಿಯಿತು. ನಮ್ಮವರು ಶಾಲು ಹೊದ್ದುಕೊಂಡು ಬಂದು, ನಿಲ್ಲದೆ ಮೆಟ್ಟಿಲು ಹತ್ತಿ, ಎರಡನೇ ಹೋಳಿಗೆ ಹಾಕಿಸಿಕೊಂಡರು. "ರೀ, ಬೆಳಗ್ಗೆಯಿಂದ ಕೆಮ್ಮೇ ಇಲ್ಲ, ನೋಡಿದ್ರಾ?" ಎಂದೆ. ಅವರು ಹೊಗೆಯಿಲ್ಲದ ಕೊಳವೆಯ ಕಡೆ ಒಮ್ಮೆ ನೋಡಿದರು. "ಹಬ್ಬದ ದಿನ, ದೇವರ ದಯೆ," ಎಂದು ತುಪ್ಪ ಕೇಳಿದರು.

ರಿಪೋರ್ಟು ಬಂದ ಮೇಲೆ ಗುಡಿಯ ಪಡಸಾಲೆಯಲ್ಲಿ ಸಭೆ ಕರೆದರು. ಕಾರ್ಖಾನೆಯ ಮ್ಯಾನೇಜರನೂ ಸ್ವೀಟ್ ಡಬ್ಬಿ ಹಿಡಿದು ಬಂದಿದ್ದ. ಆ ವರ್ಷ ಚಳಿ ಬೇಗನೆ ಬಿದ್ದಿತ್ತು. ಹೊಗೆ ಮೇಲೇಳದೆ ಬೀದಿಯಲ್ಲೇ ಮಲಗಿತ್ತು. ಅಧ್ಯಕ್ಷರು ಎದ್ದು ಮೈಕು ಹಿಡಿದು ಓದಿದರು: "ಈ ಬಡಾವಣೆಯ ಗಾಳಿಯು ನಿಗದಿತ ಮಿತಿಯೊಳಗಿದ್ದು..." ಅಷ್ಟೇ. ಉಸಿರು ಸಿಕ್ಕಿಕೊಂಡಿತು. ಮೈಕಿನಲ್ಲಿ ಅವರ ಎದೆಯ ಸುಂಯ್‌ಗುಟ್ಟುವಿಕೆ ಗುಡಿಗೆಲ್ಲ ಕೇಳಿಸಿತು. ಮತ್ತೆ "ಮಿತಿಯೊಳಗಿದ್ದು" ಎಂದರು, ಮತ್ತೆ ನಿಂತಿತು. ಮ್ಯಾನೇಜರು ಎದ್ದು ಅವರ ಬೆನ್ನು ಸವರಿ, ಕಾಗದ ಇಸಿದುಕೊಂಡು ಮುಂದಿನದನ್ನು ತಾನೇ ಓದಿದ: "ಉಸಿರಾಟಕ್ಕೆ ಯೋಗ್ಯವಾಗಿದೆ. ಬೆಳಗಿನ ಹೊತ್ತಿನಲ್ಲಿ ಕಂಡುಬಂದ ಹೊಗೆಯ ಅಂಶ ಮನೆಬಳಕೆಯ ಮೂಲದ್ದು." ಆಮೇಲೆ ನಗುತ್ತ, "ಊದುಬತ್ತಿ ಒಂಚೂರು ಕಡಿಮೆ ಮಾಡಿ," ಎಂದ.

ಜನ ಚಪ್ಪಾಳೆ ತಟ್ಟಿದರು. ನನ್ನ ಗಂಡ ಮೇಜು ಹಿಡಿದು ಬಾಯಿ ತೆರೆದು ಗಾಳಿ ಹುಡುಕುತ್ತಿದ್ದರೆ, ಇವರು ಗಾಳಿ ಚೆನ್ನಾಗಿದೆಯೆಂದು ಚಪ್ಪಾಳೆ ತಟ್ಟಿದರು. ನಾನು ಗಂಡನ ತೋಳು ಹಿಡಿದು ಮನೆಗೆ ಕರೆತಂದೆ. ಪಂಪು ಹೊಡೆದುಕೊಂಡು ಮಾತು ಬಂದ ಮೇಲೆ ಅವರು ಹೇಳಿದ ಮೊದಲ ಮಾತು: "ಮಿಷನ್ನು ಹೇಳ್ತಲ್ಲ. ಇನ್ನು ಮನೆ ಬಿಡೋ ಮಾತಿಲ್ಲ."

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. "ನೀವು ನಿಮ್ಮ ಮಿಷನ್ನಿನ ಜೊತೆ ಸಂಸಾರ ಮಾಡಿ, ನಾನು ಹೋಗ್ತೀನಿ," ಎಂದು ಪಾತ್ರೆ ಕಟ್ಟತೊಡಗಿದೆ. ಒಂದು ಲೋಟ ಕಾಫಿ ಕಾಸಲು ಬಾರದ ಗಂಡಸು, ಹಿಂದೆಯೇ ಬಂದರು. ಗೋಪಾಳದ ಬಾಡಿಗೆ ಮನೆ ಸೇರಿದೆವು. ಬೀದಿಯವರಿಗೆ ಅವರು ಹೇಳಿದ್ದು: "ನಮ್ಮ ಮನೆಯವಳಿಗೆ ಮಂಡಿ ನೋವು. ಆಸ್ಪತ್ರೆ ಹತ್ರ ಇರ್ಲಿ ಅಂತ." ನನ್ನ ಮಂಡಿ ಇವತ್ತಿಗೂ ಗಟ್ಟಿಯಾಗಿದೆ.

ಖಾಲಿ ಬಿದ್ದ ಮನೆಗೆ ಬಾಡಿಗೆಯವರನ್ನು ಕಾರ್ಯದರ್ಶಿಯೇ ಹುಡುಕಿದ. ಮನೆ ತೋರಿಸಲು ನಾವೂ ಹೋದ ದಿನ ಬಂದಿದ್ದವರು ಒಬ್ಬ ಸಣ್ಣ ಪ್ರಾಯದ ಗಂಡ, ಹೆಂಡತಿ, ಆಗಷ್ಟೇ ಅಂಬೆಗಾಲಿಡುತ್ತಿದ್ದ ಮಗು. ಅಡುಗೆಮನೆ ದೊಡ್ಡದೆಂದು ಆ ಹುಡುಗಿಗೆ ಖುಷಿ. "ಅಂಕಲ್, ಹಿಂದೆ ಫ್ಯಾಕ್ಟರಿ ಇದೆಯಲ್ಲ, ಪಾಪುಗೆ ಏನೂ ತೊಂದ್ರೆ ಆಗಲ್ವಾ?" ಎಂದು ಕೇಳಿದಳು.

"ಲ್ಯಾಬ್ ರಿಪೋರ್ಟೇ ಇದೆ ಮೇಡಂ. ಸಭೇಲಿ ಓದಿದ್ದೇ ಇವರು," ಎಂದ ಕಾರ್ಯದರ್ಶಿ.

ಮಗು ಹಜಾರದ ನೆಲದ ಮೇಲೆ ಹರಿದಾಡಿ ನಮ್ಮವರ ಕಾಲ ಬಳಿ ಬಂದಿತ್ತು. ಅದರ ಅಂಗೈ ಕಪ್ಪಗಾಗಿತ್ತು. ಅದನ್ನೇ ಬಾಯಿಗೆ ಹಾಕಿಕೊಳ್ಳಲು ಹೊರಟಿತ್ತು. ಅವರು ಕಷ್ಟಪಟ್ಟು ಬಗ್ಗಿ, ಆ ಪುಟ್ಟ ಕೈ ಹಿಡಿದು, ಪಂಚೆಯ ಚುಂಗಿನಿಂದ ಒಂದೊಂದೇ ಬೆರಳು ಒರೆಸಿದರು. ಎಷ್ಟು ಒರೆಸಿದರೂ ಉಗುರ ಸಂದಿನ ಕಪ್ಪು ಹೋಗಲಿಲ್ಲ.

"ಈ ಮನೆ ಬೇಡಮ್ಮ ನಿಮಗೆ," ಎಂದರು. "ನನ್ನ ಎದೆ ತಿಂದಿದ್ದು ಇದೇ ಗಾಳಿ."

"ಸಾರ್! ಏನ್ ಮಾತಾಡ್ತಿದೀರಾ? ಅಧ್ಯಕ್ಷರಾಗಿ ನೀವೇ ಹಿಂಗಂದ್ರೆ ಇಲ್ಲಿ ಸೈಟು ಯಾರು ತಗೋತಾರೆ?" ಎಂದು ಕಾರ್ಯದರ್ಶಿ ಕೂಗಾಡಿದ.

ನಮ್ಮವರು ಅವನ ಕಡೆ ತಿರುಗಲೂ ಇಲ್ಲ. ಮಗುವನ್ನು ಎತ್ತಿ ತಾಯಿಯ ಕೈಗೆ ಕೊಟ್ಟು, ಉಸಿರು ಸುಧಾರಿಸಿಕೊಂಡು ಹೇಳಿದರು: "ಮೊದ್ಲು ಕೂಸನ್ನ ಕರ್ಕೊಂಡು ಹೊರಡಿ. ಕುಲುಮೆ ಹಚ್ಚೋ ಹೊತ್ತಾಯ್ತು."