ಸುಕಾರಿಯ ಕುತ್ತಿಗೆಯ ಬಿಸಿ

ಶರ್ವಾಣಿ ಕುದುರೆಯಿಂದ ಬಿದ್ದರೆ? ಈ ಯೋಚನೆ ತಿಂಗಳಿನಿಂದ ನನ್ನ ತಲೆ ತಿನ್ನುತ್ತಿತ್ತು. ಬೀಳುವ ಮಾತಿರಲಿ, ನನ್ನ ಏಳು ವರ್ಷದ ಮಗಳು ಇನ್ನೂ ಕುದುರೆ ಹತ್ತಿಯೇ ಇರಲಿಲ್ಲ. "ಡೆಲ್ಫಿನ್ ಆಂಟಿ ಸೆಡ್ ಯೆಸ್, ಅಮ್ಮ. ಓನ್ಲಿ ಯೂ ಸೇ ನೋ!" ಎಂದು ದಿನಾ ರಾಗ ಎಳೆಯುತ್ತಿದ್ದಳು.

ಡೆಲ್ಫಿನ್ ನೈರೋಬಿಯ ಲೊರೆಶೋ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯವರು, ಮೂಲ ಮಂಗಳೂರು. ವಾರವಿಡೀ ಊರಿನ ಆಚೆ ಬದಿಯ ಎಂಬಕಸಿಯಲ್ಲಿ ಸರಕು ಸಾಗಣೆ ಕಚೇರಿಯ ಕೆಲಸ. ರಜೆ ಸಿಕ್ಕರೆ ಹಳೇ ಕಾಲದ ಯೂರೋಪಿನ ಯೋಧರ ಹಾಗೆ ಉಕ್ಕಿನ ಕವಚ ತೊಟ್ಟು, ಉದ್ದನೆಯ ಮರದ ಈಟಿ ಹಿಡಿದು, ಎದುರಿನಿಂದ ಕುದುರೆ ಓಡಿಸಿಕೊಂಡು ಬರುವವರ ಗುರಾಣಿಗೆ ಗುದ್ದುತ್ತಾರೆ. ಜೌಸ್ಟಿಂಗ್ ಅಂತೆ; ಈಟಿ ಮುರಿಯುವ ಹಾಗೆ ಗುದ್ದಿದವರಿಗೆ ಅಂಕ. ಪೋಲೆಂಡಿನಿಂದ ಕವಚ ಬಂದಾಗ ವಿಮಾನ ನಿಲ್ದಾಣದ ಅಧಿಕಾರಿ ಪೆಟ್ಟಿಗೆ ತೆರೆಸಿ "ಇದೇನು?" ಅಂದರೆ, "ನನ್ನ ಡ್ರೆಸ್" ಅಂದಿದ್ದರಂತೆ.

ಅವರ ಸುಕಾರಿ, ರೇಸ್ ಬಿಟ್ಟ ಕುದುರೆ. ಮೊದಲೆಲ್ಲ ಕವಚದ ಸದ್ದು ಕೇಳಿದರೆ ಸಾಕು, ಓಟ. ಡೆಲ್ಫಿನ್ ಬೈಯಲಿಲ್ಲ. ಜೀನಿಗೆ ಸ್ಟೀಲ್ ಲೋಟ, ಸೌಟು ಕಟ್ಟಿ ಮಳೆಗಾಲವಿಡೀ ಅದರ ಪಕ್ಕದಲ್ಲೇ ನಡೆದರು. ಕೊನೆಗೆ ಲೋಟ ಕಣಕಣ ಅಂದರೆ ಅದು ಕ್ಯಾರೆಟ್‌ಗೆ ಬಾಯಿ ಚಾಚತೊಡಗಿತು.

ಇಲ್ಲಿ ಚಳಿಗಾಲವಾದ ಜುಲೈನಲ್ಲಿ ಜೌಸ್ಟಿಂಗ್ ಫೈನಲ್. ಶನಿವಾರ ಅವರಿಗೂ ಜೋಹಾನ್ಸ್‌ಬರ್ಗಿನ ಸವಾರನಿಗೂ ಅಂಕ ಸಮ. ಭಾನುವಾರ ಬೆಳಿಗ್ಗೆ ಒಂದೇ ಓಟದಲ್ಲಿ ತೀರ್ಮಾನ. ನಾನು ಮಫ್ಲರ್, ಫಸ್ಟ್ ಏಡ್ ಡಬ್ಬಿ ಸಮೇತ ಮಗಳನ್ನು ಕರೆದುಕೊಂಡು ಹೋಗಿದ್ದೆ.

ಡೆಲ್ಫಿನ್ ಸುಕಾರಿಯನ್ನು ಒಂದು ಸುತ್ತು ಓಡಿಸಿ ಬಂದು ಶಿರಸ್ತ್ರಾಣ ತೊಟ್ಟರು. ಅದರಲ್ಲಿ ಮುಖ ಮುಚ್ಚುವ ಉಕ್ಕಿನ ಪರದೆ ಕೆಳಗೆ ಇಳಿಯಲೇ ಇಲ್ಲ.

"ಮುಖ ಮುಚ್ಚದಿದ್ದರೆ ಬಿಡುವುದಿಲ್ಲ," ಅಂದರು ತೀರ್ಪುಗಾರರು.

"ಇದಕ್ಕೆ ಏನ್ ಹಾಕಿದ್ರಿ ಡೆಲ್ಫಿನ್?" ಕೀಲಿನ ಜಿಡ್ಡು ಮುಟ್ಟಿ ನೋಡಿ ಕೇಳಿದೆ.

"ತೆಂಗಿನೆಣ್ಣೆ ಮಾರಾಯ್ರೆ! ತುಕ್ಕು ಹಿಡೀಬಾರ್ದು ಅಂತ ನಿನ್ನೆ ಹಚ್ಚಿದ್ದು. ನಮ್ಮಲ್ಲಿ ಎಲ್ಲದಕ್ಕೂ ಅದೇ ಅಲ್ವಾ?"

ನೈರೋಬಿಯ ಚಳಿಗೆ ಎಣ್ಣೆ ಕೀಲಿನೊಳಗೆ ಮೇಣದಂತೆ ಕಟ್ಟಿತ್ತು.

"ಬಿಟ್ಬಿಡಿ. ಪ್ರಾಣಕ್ಕಿಂತ ಹೆಚ್ಚಾ?" ಅಂದೆ.

"ಹೆದರುವ ಕೆಲಸ ನಿಮ್ಮದು, ಓಡಿಸುವುದು ನನ್ನದು," ಎಂದು ನಕ್ಕು, ಶಿರಸ್ತ್ರಾಣ ಕಳಚಿ, ಅದರ ಕೀಲನ್ನು ಸುಕಾರಿಯ ಬೆವರಿದ ಕುತ್ತಿಗೆಗೆ ಒತ್ತಿ ಹಿಡಿದರು. ಅಷ್ಟು ತಣ್ಣನೆಯ ಉಕ್ಕು! ಈಗ ಒದೆಯುತ್ತದೆ ಅಂತ ನಾನು ಮಗಳನ್ನು ಹಿಂದಕ್ಕೆ ಎಳೆದುಕೊಂಡೆ. ಸುಕಾರಿ ಅಲುಗಲಿಲ್ಲ. ಇನ್ನೊಂದು ಕೀಲಿಗೂ ಹಾಗೇ ನಿಂತಿತು, ಕಣ್ಣು ಅರ್ಧ ಮುಚ್ಚಿಕೊಂಡು. ಎಣ್ಣೆ ಕರಗಿ ಅದರ ಕೂದಲಿಗೆ ಇಳಿಯಿತು. ಶಿರಸ್ತ್ರಾಣ ಮತ್ತೆ ತೊಟ್ಟರು, ಪರದೆ ಟಕ್ ಅಂತ ಮುಚ್ಚಿಕೊಂಡಿತು.

ಬಾವುಟ ಇಳಿಯಿತು. ಲಗಾಮು ಸಡಿಲ ಬಿಟ್ಟು, ಮೊಣಕಾಲಿನಲ್ಲೇ ಕುದುರೆ ನಡೆಸುತ್ತ, ಡೆಲ್ಫಿನ್ ಇಬ್ಬರು ಸವಾರರ ನಡುವಿನ ಬೇಲಿಯ ಪಕ್ಕ ಗೆರೆ ಎಳೆದ ಹಾಗೆ ಬಂದರು. ಎದುರಾಳಿಯ ಈಟಿ ಅವರ ಭುಜದ ತಗಡು ಸವರಿ ಜಾರಿತು. ಅವರದು ಆತನ ಗುರಾಣಿಯ ನಟ್ಟನಡುವೆ ತಾಗಿ ಚೂರುಚೂರು! ಗೆದ್ದರು! ಯಾರೋ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು. ನೋಡಿದರೆ ನಾನೇ.

ಮನೆಗೆ ಬಂದರೂ ಶರ್ವಾಣಿ ಮೈದಾನದಲ್ಲಿ ಹೆಕ್ಕಿದ ಆ ಈಟಿಯ ಚೂರು ಕೈಬಿಡಲಿಲ್ಲ. ನನಗೋ ಸುಕಾರಿ ನಿಂತ ರೀತಿಯೇ ಕಣ್ಣಮುಂದೆ. ಫೋನ್ ಎತ್ತಿದೆ, ಇಟ್ಟೆ, ಮತ್ತೆ ಎತ್ತಿದೆ.

"ಡೆಲ್ಫಿನ್, ಇವಳಿಗೆ ಹೆಲ್ಮೆಟ್ ಅಳತೆ ತಗೋಬೇಕಲ್ಲ, ಯಾವತ್ತು ಕರ್ಕೊಂಡು ಬರ್ಲಿ?"

"ಶನಿವಾರ ಬನ್ನಿ. ಅದಕ್ಕೆ ತೆಂಗಿನೆಣ್ಣೆ ಹಚ್ಚುದಿಲ್ಲ, ಹೆದರ್ಬೇಡಿ ಮಾರಾಯ್ರೆ!"