ಕೆಂಪು ಕಂಬದ ಬಳಿಯ ನೀರು

ಹವಾಮಾನಶಾಸ್ತ್ರವೆಂದರೆ ಆಕಾಶ ನೋಡುವ ವಿದ್ಯೆ ಎಂದು ತಿಳಿದವರೇ ಹೆಚ್ಚು. ಅದಕ್ಕೂ ಮೊದಲು ಅದು ನೀರನ್ನು ಮುಟ್ಟಿ ನೋಡುವ ವಿದ್ಯೆ ಎಂಬುದನ್ನು ನಮ್ಮ ಸರೋವರ ತೀರದ ಹವಾಮಾನ ಕೇಂದ್ರಕ್ಕೆ ಕಲಿಸಿಕೊಟ್ಟವರು, ಮೂವತ್ತನಾಲ್ಕು ವರ್ಷಗಳ ಸೇವೆಯ ಬಳಿಕ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಹಿರಿಯ ವೀಕ್ಷಣಾಧಿಕಾರಿಗಳು. ತೋಟಗಾರರಿಂದ ಹಿಡಿದು ಅಂಚೆಯವರವರೆಗೆ ಎಲ್ಲರ ಬಾಯಲ್ಲೂ ಅವರು 'ಬಕೆಟ್ ಮೇಡಂ'. ಅವರಿಗಾಗಿ ತರುತ್ತಿರುವ ಈ ಗೌರವ ಗ್ರಂಥದಲ್ಲಿ ಆ ಹೆಸರು ಬರಬಹುದೇ ಎಂದು ಸಂಪಾದಕರು ಅನುಮಾನಿಸಿದರು. ಮೇಡಂ ಅವರನ್ನೇ ಕೇಳಿದೆ. "ಧಾರಾಳವಾಗಿ ಬರಿ. ಬಕೆಟ್ ಇಲ್ದಿದ್ರೆ ನನ್ನನ್ನ ಯಾರು ಕೇಳ್ತಿದ್ರು?" ಎಂದು ನಕ್ಕರು.

ಅವರು ಇಲ್ಲಿಗೆ ಬಂದಾಗ ಕೇಂದ್ರವೆಂದರೆ ಎರಡು ಕೋಣೆ, ಮಾಳಿಗೆಯ ಮೇಲೊಂದಿಷ್ಟು ಉಪಕರಣ. ಕಿಟಕಿಯ ಹೊರಗೆ ಕಣ್ಣು ಹಾಯಿಸಿದಷ್ಟೂ ದೂರ ಸರೋವರವಿದ್ದರೂ ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ನಮ್ಮ ಮುನ್ಸೂಚನೆ ಗುಡ್ಡದಾಚೆಯ ತೋಟಗಳಿಗೆ ಸರಿಹೋಗುತ್ತಿತ್ತು, ದಡದವರಿಗೆ ಕೈಕೊಡುತ್ತಿತ್ತು. ಮೇಡಂ ಎರಡು ವರ್ಷ ತೋಟದಿಂದ ತೋಟಕ್ಕೆ ಸೈಕಲ್ ತುಳಿದು, ಸೇಬಿನ ಮೊಗ್ಗು ಎಲ್ಲಿ ಯಾವಾಗ ಒಡೆಯಿತು, ಟೊಮೆಟೊ ಗಿಡ ಎಲ್ಲಿ ಯಾವಾಗ ಚಳಿಗೆ ಸುಟ್ಟಿತು ಎಂದು ಬರೆದುಕೊಂಡರು. ದಡದಲ್ಲಿ ಹೂ ಹನ್ನೆರಡು ದಿನ ತಡ, ಮೊದಲ ಕಡುಚಳಿ ಮೂರು ವಾರ ತಡ. ಕಾರಣವನ್ನು ಅವರು ತೋಟಗಾರರ ಸಭೆಯಲ್ಲಿ ಒಂದೇ ಮಾತಿನಲ್ಲಿ ಹೇಳಿದರಂತೆ: "ದೊಡ್ಡ ಹಂಡೆ ನೀರು ಕಾಯೋದೂ ನಿಧಾನ, ಆರೋದೂ ನಿಧಾನ." ಚಳಿಗಾಲ ಕಳೆದ ಮೇಲೂ ನೀರು ತಣ್ಣಗೇ ಇರುವುದರಿಂದ ದಡದ ಮೊಗ್ಗು ಅವಸರಪಡುವುದಿಲ್ಲ, ಕೊನೆಯ ಚಳಿಯ ಬಾಯಿಗೂ ಬೀಳುವುದಿಲ್ಲ. ಬೇಸಗೆ ಹೋದ ಮೇಲೂ ನೀರು ಬೆಚ್ಚಗಿರುವುದರಿಂದ, ಗುಡ್ಡದಾಚೆ ಬಳ್ಳಿಗಳೆಲ್ಲ ಕರಕಲಾದ ಮೇಲೂ ಇಲ್ಲಿ ದ್ರಾಕ್ಷಿ ಮಾಗುತ್ತಲೇ ಇರುತ್ತದೆ.

ಅಂದಿನಿಂದ ಪ್ರತಿ ಬೆಳಗ್ಗೆ ಏಳಕ್ಕೆ ದೋಣಿ ಹೊರಡುವುದು ಕೇಂದ್ರದ ನಿಯಮವಾಯಿತು. ದಡದಿಂದ ದೂರ, ಆಳದ ನೀರಿನಲ್ಲಿ ನೆಟ್ಟ ಕೆಂಪು ಕಂಬದವರೆಗೆ ಹುಟ್ಟು ಹಾಕಬೇಕು, ಬಕೆಟ್ಟಿನಲ್ಲಿ ನೀರು ಎತ್ತಬೇಕು, ಉಷ್ಣಮಾಪಕವನ್ನು ಎರಡು ನಿಮಿಷ ಮುಳುಗಿಸಿಟ್ಟು, ಹೊರಗೆ ತೆಗೆಯದೆಯೇ ಓದಬೇಕು. ದಾಖಲೆ ಪುಸ್ತಕಕ್ಕೂ ಅವರದೊಂದು ನಿಯಮವಿತ್ತು. ತಪ್ಪು ಬರೆದರೆ ಅಳಿಸುವಂತಿಲ್ಲ. ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ತಪ್ಪಿದವರು ಸಹಿ ಹಾಕಬೇಕು.

ಹತ್ತೊಂಬತ್ತು ವರ್ಷಗಳ ಹಿಂದೆ ನಾನು ಸಹಾಯಕನಾಗಿ ಸೇರಿದಾಗ ನನ್ನ ಬಳಿ ಇದ್ದದ್ದು ತೆಳು ಅಂಗಿಗಳು ಮಾತ್ರ. ಮೊದಲ ದಿನವೇ ಮೇಡಂ ತಮ್ಮ ಯಜಮಾನರ ಸ್ವೆಟರ್ ತಂದುಕೊಟ್ಟರು. ಅದರ ತೋಳು ನನ್ನ ಬೆರಳ ತುದಿ ದಾಟುತ್ತಿತ್ತು. "ಬೆಳೀತೀಯ ಬಿಡು" ಎಂದರು. ಆಗ ನನಗೆ ಇಪ್ಪತ್ತಾರು.

ಅದೇ ವರ್ಷ, ಬೇಸಗೆ ಮುಗಿದು ದ್ರಾಕ್ಷಿ ಮಾಗುತ್ತಿದ್ದ ದಿನಗಳಲ್ಲಿ, ಮೂರು ದಿನ ಗುಡ್ಡದ ಕಡೆಯಿಂದ ಜೋರು ಗಾಳಿ ಬೀಸಿತು. ದೋಣಿ ತೊನೆದಾಡುತ್ತಿತ್ತು, ನನಗೆ ಈಜು ಬರುತ್ತಿರಲಿಲ್ಲ, ಹೇಳಿಕೊಳ್ಳಲು ನಾಚಿಕೆ. ನಾನು ದಡದ ಮೆಟ್ಟಿಲ ಮೂಲೆಯಲ್ಲಿ, ಗೋಡೆಯ ಮರೆಯಲ್ಲಿ ಬಿಸಿಲುಂಡು ನಿಂತಿದ್ದ ನೀರಿಗೆ ಬಕೆಟ್ ಅದ್ದಿ, ಮೂರೂ ದಿನ 'ಹದಿನಾರು' ಎಂದು ಬರೆದುಬಿಟ್ಟೆ. ಅದನ್ನು ನಂಬಿ ಕೇಂದ್ರ 'ದಡದಲ್ಲಿ ಇನ್ನೊಂದು ವಾರ ಕಡುಚಳಿಯ ಭಯವಿಲ್ಲ' ಎಂದು ಪ್ರಕಟಣೆ ಹೊರಡಿಸಿತು. ಮೂರನೆಯ ದಿನ ಮಧ್ಯಾಹ್ನ ಮೇಡಂ ಪುಸ್ತಕ ತೆರೆದವರು ನನ್ನತ್ತ ನೋಡಿದರು.

"ಇಷ್ಟು ಗಾಳಿಗೆ ಮೇಲಿನ ಬೆಚ್ಚನೆ ನೀರೆಲ್ಲ ಆಚೆ ದಡಕ್ಕೆ ಹೋಗಿ, ಅಡಿಯ ತಣ್ಣೀರು ಮೇಲೆ ಬರ್ಬೇಕಿತ್ತು. ಹದಿನಾರು ಹೇಗೆ ನಿಂತಿತು? ಎಲ್ಲಿ ಅಳೆದೆ?"

"ಮೆಟ್ಟಿಲ ಹತ್ರ, ಮೇಡಂ."

ಅವರು ಬೈಯಲಿಲ್ಲ. ಕೋಟು ತೊಟ್ಟು ತಾವೇ ದೋಣಿ ಹತ್ತಿದರು. ತಂದ ಲೆಕ್ಕ ಒಂಬತ್ತು. ಸಂಜೆಗೆ ಗಾಳಿ ನಿಂತು ಆಕಾಶ ತಿಳಿಯಾಗುವ ಲಕ್ಷಣವಿತ್ತು. ಕಡುಚಳಿ ಬೀಳುವುದು ಅಂಥ ರಾತ್ರಿಯಲ್ಲೇ, ದಡವನ್ನು ಅದರಿಂದ ಕಾಪಾಡಬೇಕಾದ ನೀರೇ ತಣ್ಣಗಾಗಿತ್ತು. ಕತ್ತಲಾಗುವವರೆಗೆ ಅವರು ಫೋನಿನಲ್ಲಿ, ನಾನು ಸೈಕಲ್ಲಿನಲ್ಲಿ, ತೋಟ ತೋಟಕ್ಕೂ ಸುದ್ದಿ ಮುಟ್ಟಿಸಿದೆವು. ದಡದ ಕೊನೆಯ ದ್ರಾಕ್ಷಿ ತೋಟದ ಮನೆಗೆ ಮಾತ್ರ ಬೀಗ ಬಿದ್ದಿತ್ತು. ಯಜಮಾನರು ನಮ್ಮ ಪ್ರಕಟಣೆ ನಂಬಿ, ಹಣ್ಣು ಇನ್ನಷ್ಟು ಸಿಹಿಯಾಗಲೆಂದು ಬಳ್ಳಿಯಲ್ಲೇ ಬಿಟ್ಟು, ಮಗಳ ಮನೆಗೆ ಹೋಗಿದ್ದರು.

ಎರಡು ದಿನದ ಬಳಿಕ ಅವರು ಬಂದು ಆ ರಾತ್ರಿಯ ಚಳಿಗೆ ಕರಕಲಾದ ಒಂದು ಹಿಡಿ ದ್ರಾಕ್ಷಿ ಎಲೆಯನ್ನು ಮೇಜಿನ ಮೇಲೆ ಸುರಿದರು. "ಯಾರ್ರೀ ಅಳೆದಿದ್ದು?"

ನಾನು ಬೀರುವಿನ ಪಕ್ಕದಲ್ಲೇ ನಿಂತಿದ್ದೆ.

"ತಪ್ಪು ನನ್ನದು" ಎಂದರು ಮೇಡಂ.

ಮೇಲಿನ ಕಚೇರಿಗೂ ಅದೇ ಉತ್ತರ ಹೋಯಿತು. ನನ್ನ ಮೂರು ಹದಿನಾರುಗಳ ಮೇಲೆ ಗೆರೆ ಎಳೆದು ತಮ್ಮದೇ ಸಹಿ ಹಾಕಿದರು. ಆ ವರ್ಷ ಖಾತ್ರಿಯಾಗಿದ್ದ ಅವರ ಬಡ್ತಿ ತಪ್ಪಿತು, ಆಮೇಲೆ ಬರಲೇ ಇಲ್ಲ. ದ್ರಾಕ್ಷಿ ತೋಟದ ಯಜಮಾನರು ಎದುರಾದಾಗಲೆಲ್ಲ ಮುಖ ತಿರುಗಿಸಿಕೊಂಡು ಹೋದರು. ಯಾಕೆ ಹೀಗೆ ಮಾಡಿದಿರಿ ಎಂದು ನಾನೊಮ್ಮೆ ಕೇಳಿದ್ದಕ್ಕೆ ಮೇಡಂ ಹೇಳಿದ್ದಿಷ್ಟೆ: "ಈಜು ಬರುತ್ತಾ ಅಂತ ಕೇಳದೆ ನಿನ್ನ ಕೈಗೆ ಹುಟ್ಟು ಕೊಟ್ಟೋಳು ನಾನು. ಅದು ತಪ್ಪಲ್ವಾ?" ಮುಂದಿನ ಬೇಸಗೆಯಲ್ಲಿ ಅವರೇ ನನ್ನ ಗದ್ದ ಹಿಡಿದು ಈಜು ಕಲಿಸಿದರು. ನಾನು ಕುಡಿದ ನೀರಿಗೆ ಸರೋವರದ ಮಟ್ಟ ಇಳಿಯಿತೆಂದು ಇಂದಿಗೂ ಛೇಡಿಸುತ್ತಾರೆ.

ಇಂದು ದಡದ ತೋಟಗಳ ಗೋಡೆಗಳಲ್ಲೆಲ್ಲ ಮೇಡಂ ಸಿದ್ಧಪಡಿಸಿದ ಬಿತ್ತನೆ-ಕೊಯ್ಲಿನ ಪಂಚಾಂಗ ತೂಗುತ್ತಿದೆ. ನಾನೀಗ ಅವರ ಕುರ್ಚಿಗೆ ಬರಲಿದ್ದೇನೆ. ಆ ಕುರ್ಚಿಯಲ್ಲಿ ಕೂರುವ ಮೊದಲು ಹಳೆಯ ಪುಸ್ತಕ ತೆಗೆದು, ಅವರ ಮೂರು ಸಹಿಗಳ ಮೇಲೂ ಒಂದೊಂದು ಗೆರೆ ಎಳೆದು, ಪಕ್ಕದಲ್ಲಿ ನನ್ನ ಸಹಿ ಹಾಕಿದ್ದೇನೆ. ಹತ್ತೊಂಬತ್ತು ವರ್ಷ ತಡ ಮಾಡಿದ್ದಕ್ಕೆ ನನಗೆ ನಾಚಿಕೆಯಿದೆ. ಬಳಿಕ ಈ ಲೇಖನದ ಕರಡು ಹಿಡಿದು ದ್ರಾಕ್ಷಿ ತೋಟಕ್ಕೆ ಹೋಗಿ ಯಜಮಾನರಿಗೆ ಓದಿ ಹೇಳಿದೆ. ಅವರಿಗೀಗ ಎಂಬತ್ತೊಂದು.

"ಆ ತಾಯಿಗೆ ಇಷ್ಟು ವರ್ಷ ಒಂದು ನಮಸ್ಕಾರ ಹೇಳ್ಲಿಲ್ಲ ನಾನು" ಎಂದರು. ಆಮೇಲೆ ಕೇಳಿದರು, "ಬೀಳ್ಕೊಡುಗೆ ಸಮಾರಂಭ ಎಷ್ಟು ಗಂಟೆಗೆ?"

ಬಕೆಟ್ ಮೇಡಂ ಆರೋಗ್ಯವಾಗಿ ನೂರು ಕಾಲ ಬಾಳಲಿ, ಬೆಳಗಿನ ದೋಣಿಯಲ್ಲಿ ಅವರ ಜಾಗ ಎಂದಿನಂತೆ ಅವರಿಗಾಗಿಯೇ ಇರಲಿ. ಸಭಾಂಗಣದ ಮೊದಲ ಸಾಲಿನಲ್ಲಿ, ನಿಮ್ಮ ಎದುರಿಗೇ, ದ್ರಾಕ್ಷಿ ತೋಟದ ಯಜಮಾನರಿಗೊಂದು ಕುರ್ಚಿ ಹಾಕಿಸಿದ್ದೇನೆ, ಮೇಡಂ.