ದಾಸಿಯ ಏಕವಚನ

ತೊಂಬತ್ತರ ದಶಕದಲ್ಲಿ ಚಾಮರಾಜಪೇಟೆಯ ಒಂದು ಹವ್ಯಾಸಿ ತಂಡದಲ್ಲಿ ನಾನು ನಾಟಕ ಮಾಡುತ್ತಿದ್ದೆ. ಆಫೀಸು ಮುಗಿಸಿ ಬಸ್ಸು ಹಿಡಿದು ಬರುವಷ್ಟರಲ್ಲಿ ತಾಲೀಮು ಅರ್ಧ ಆಗಿರುತ್ತಿತ್ತು. ಹಾಗಾಗಿ ನನಗೆ ಸಿಗುತ್ತಿದ್ದುದೆಲ್ಲ ನೀರು ತಂದಿಟ್ಟು ಹೋಗುವ ಪಾತ್ರಗಳೇ. ಆ ವರ್ಷ ನಾನೂರು ವರ್ಷ ಹಳೆಯ ಒಂದು ಇಂಗ್ಲಿಷ್ ನಾಟಕದ ಕನ್ನಡ ಅನುವಾದದಲ್ಲಿ ದಾಸಿಯ ಪಾತ್ರ ಬಂತು. ಯಜಮಾನ ಹೆಂಡತಿಯನ್ನು ಮನೆಯಿಂದ ಆಚೆ ಹಾಕುವಾಗ ದಾಸಿ ಬಾಗಿಲಿಗೆ ಅಡ್ಡ ನಿಂತು ಅವನ ನೀರಿಳಿಸುತ್ತಾಳೆ. ಇಡೀ ನಾಟಕದಲ್ಲಿ ನನಗಿದ್ದದ್ದು ಅದೊಂದೇ ಮಾತು. ಅನ್ನಕ್ಕಿಟ್ಟು ಒಲೆಯ ಮುಂದೆ ನಿಂತಾಗಲೂ ಅದನ್ನೇ ಹೇಳಿಕೊಳ್ಳುತ್ತಿದ್ದೆ.

ಒಂದು ಸಂಜೆ ಅನುವಾದಕರು ಬಂದರು. ಬಸವನಗುಡಿಯ ಇಂಗ್ಲಿಷ್ ಮೇಷ್ಟ್ರು, ಕಂಕುಳಲ್ಲಿ ದಪ್ಪನೆಯ ಹೊಸ ಪುಸ್ತಕ. ಬಂದವರೇ ನಿರ್ದೇಶಕರಿಗೆ, "ಆ ಮಾತು ದಾಸಿದಲ್ಲ ಕಣ್ರೀ, ಹೆಂಡತಿದು. ಅವಳಿಗೇ ಕೊಟ್ಬಿಡಿ" ಎಂದರು.

ವಿಷಯ ಇಷ್ಟು: ನಾಟಕ ಬರೆದವನ ಕೈಬರಹ ಉಳಿದಿಲ್ಲ. ಇರುವುದು ಎರಡು ಹಳೆಯ ಮುದ್ರಣ. ಒಂದರಲ್ಲಿ ಆ ಮಾತಿನ ಮುಂದೆ ದಾಸಿ ಎಂದಿದೆ, ಇನ್ನೊಂದರಲ್ಲಿ ಹೆಂಡತಿ ಎಂದಿದೆ. ಯಾವುದು ಸರಿ ಎಂದು ವಿದ್ವಾಂಸರು ತಲೆಮಾರುಗಳಿಂದ ಜಗಳವಾಡುತ್ತಿದ್ದಾರಂತೆ. ಆಡಲಿ, ಬೇಡ ಎಂದವರಾರು? ಗೊತ್ತಿಲ್ಲ ಎಂದು ಒಪ್ಪಿಕೊಂಡಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ನನಗೆ ಮೈ ಉರಿದದ್ದು ಮೇಷ್ಟ್ರು ಕೊಟ್ಟ ಕಾರಣಕ್ಕೆ.

"ಆಗಿನ ಇಂಗ್ಲಿಷ್‌ನಲ್ಲೂ ನಮ್ಮ ಹಾಗೇ ಏಕವಚನ, ಬಹುವಚನ ಇತ್ತು. ಈ ಮಾತು ಪೂರ್ತಿ ಏಕವಚನದಲ್ಲಿದೆ. ಹೆಂಡ್ತಿಯಾದ್ರೆ ಅಂದಾಳು, ಮನೆಗೆಲಸದೋಳು ಯಜಮಾನನ್ನ 'ನೀನು' ಅಂತಾಳಾ? ಅಚ್ಚಿನ ಮನೆಯೋರು ತಪ್ಪು ಮಾಡಿದಾರೆ, ಅಷ್ಟೆ."

ಅಂತಾಳಾ ಅಂತೆ! ಇವರು ಯಾವ ಊರಲ್ಲಿದ್ದರು? ಗಾಂಧಿ ಬಜಾರಿನಲ್ಲಿ ಹೂವು ಮಾರುವವರ ಬುಟ್ಟಿಗೆ ಸ್ಕೂಟರು ತಗುಲಿಸಿ ನೋಡಲಿ, ಯಾವ ವಚನದಲ್ಲಿ ಉತ್ತರ ಬರುತ್ತದೆಂದು. ಸಿಟ್ಟು ನೆತ್ತಿಗೇರಿದಾಗ ವ್ಯಾಕರಣ ಕೇಳಿಕೊಂಡು ಯಾರೂ ಬಾಯಿ ತೆರೆಯುವುದಿಲ್ಲ. ದಾಸಿಗೆ ಸಿಟ್ಟೇ ಬರಕೂಡದು ಎಂದು ಮೊದಲೇ ತೀರ್ಮಾನಿಸಿದವರಿಗೆ ಮಾತ್ರ ಅದು ಅಚ್ಚಿನ ತಪ್ಪು.

ನಿರ್ದೇಶಕರು ತಲೆಯಾಡಿಸಿದರು. "ಆಯ್ತು ಮೇಷ್ಟ್ರೇ, ನೀವ್ ಹೇಳಿದ್ಮೇಲೆ ಮುಗೀತು" ಎಂದು ನನ್ನ ಕಡೆ ತಿರುಗಿ, "ನೀವು ಆ ಸೀನಲ್ಲಿ ಸುಮ್ನೆ ಬಾಗಿಲ ಹತ್ರ ನಿಂತಿರಿ" ಎಂದರು.

ನಿಂತೆ. ಆದರೆ ತಾಲೀಮಿನ ಕೋಣೆಯ ಬಾಗಿಲಲ್ಲಿ, ಹೊರಟಿದ್ದ ಮೇಷ್ಟ್ರಿಗೆ ಅಡ್ಡವಾಗಿ. ಹಿರಿಯರಿಗೆ ಎಂದೂ ಎದುರಾಡಿದವಳಲ್ಲ ನಾನು.

"ಯಾವನೋ ನೀನು, ನನ್ನ ಬಾಯಿಂದ ಮಾತು ಕಿತ್ಕೊಳ್ಳೋಕೆ? ನಿನ್ ಪುಸ್ತಕಕ್ಕೆ ಬೆಂಕಿ ಹಾಕ!"

ಮೇಷ್ಟ್ರ ಮುಖ ಕೆಂಪಾಯಿತು. "ಏನಮ್ಮಾ, ನನಗೇ ಏಕವಚನದಲ್ಲಿ ಮಾತಾಡ್ತೀಯಾ?"

"ಆಡ್ದೆ ಅಲ್ವಾ ಮೇಷ್ಟ್ರೇ? ಈಗ ಹೇಳಿ, ಇದೂ ಅಚ್ಚಿನ ತಪ್ಪಾ?"

ಪ್ರದರ್ಶನದ ದಿನ ಆ ಮಾತನ್ನು ನಾನೇ ಆಡಿದೆ. ಆಮೇಲೆ ಅಚ್ಚಾದ ಅವರ ಅನುವಾದದಲ್ಲಿ ಮಾತ್ರ ಅದು ಇಂದಿಗೂ ಹೆಂಡತಿಯ ಬಾಯಲ್ಲೇ ಇದೆ.